ಸ್ವಿಂಗ್ ರಾಜ್ಯವೋ, ಭದ್ರಕೋಟೆಯೋ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ನಿಮ್ಮ ಸಮಯ, ದೇಣಿಗೆ, ಮತ ಎಲ್ಲಿಗೆ ಸಲ್ಲಬೇಕು

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಇಲಿನಾಯ್, ಟೆಕ್ಸಾಸ್‌ಗಳಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ವಿಚಿತ್ರ ಅನುಭವವಾಗುತ್ತದೆ. ದೇಶದ ಅಧ್ಯಕ್ಷರನ್ನು ಆರಿಸುವ ಚುನಾವಣೆ ನಡೆಯುತ್ತಿರುತ್ತದೆ, ಟಿವಿಯಲ್ಲಿ ಹಗಲಿರುಳು ಅದರದೇ ಸುದ್ದಿ. ಆದರೆ ಅವರ ಊರಿಗೆ ಯಾವ ಅಭ್ಯರ್ಥಿಯೂ ಬರುವುದಿಲ್ಲ, ಬಾಗಿಲು ತಟ್ಟಿ ಮತ ಕೇಳುವವರೂ ಇರುವುದಿಲ್ಲ. ಅದೇ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲೋ ಮಿಷಿಗನ್‌ನಲ್ಲೋ ಇರುವ ಅವರ ನೆಂಟರು ಕರೆ, ಸಂದೇಶ, ಕರಪತ್ರಗಳ ಹಾವಳಿಯಿಂದ ಬೇಸತ್ತು ಚುನಾವಣೆ ಯಾವಾಗ ಮುಗಿಯುತ್ತದೋ ಎಂದು ದಿನ ಎಣಿಸುತ್ತಿರುತ್ತಾರೆ. ಗೆಲ್ಲುವ ಪಕ್ಷ ಯಾವುದೆಂದು ಮೊದಲೇ ಗೊತ್ತಿರುವ ಭದ್ರಕೋಟೆಗಳು, ಯಾವ ಪಕ್ಷಕ್ಕೂ ಒಲಿಯಬಹುದಾದ ಸ್ವಿಂಗ್ ರಾಜ್ಯಗಳು: ಪ್ರಚಾರದ ಪಾಳಯಗಳು ಈ ಎರಡು ಬಗೆಯ ರಾಜ್ಯಗಳನ್ನು ಹೇಗೆ ನಡೆಸಿಕೊಳ್ಳುತ್ತವೆ, ಅದನ್ನು ತಿಳಿದ ಮೇಲೆ ನಮ್ಮ ಬಿಡುವಿನ ವೇಳೆ, ದೇಣಿಗೆ ಮತ್ತು ಮತವನ್ನು ಎಲ್ಲಿ ತೊಡಗಿಸುವುದು ಸೂಕ್ತ ಎಂಬುದು ಈ ಬರಹದ ವಿಷಯ. ಯಾವ ಪಕ್ಷಕ್ಕೆ ಎಂಬುದು ಓದುಗರಿಗೆ ಬಿಟ್ಟದ್ದು. ಲೆಕ್ಕಾಚಾರ ಎರಡೂ ಪಕ್ಷಗಳಿಗೆ ಒಂದೇ.

ಲೆಕ್ಕ ಹುಟ್ಟುವ ಜಾಗ

ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ದೇಶದ ಒಟ್ಟು ಮತಗಳಲ್ಲ, 538 ಎಲೆಕ್ಟೋರಲ್ ಮತಗಳು. ಅಲ್ಲಿನ ಸಂಸತ್ತಿನ ಕೆಳಮನೆಯ 435 ಸ್ಥಾನ, ಮೇಲ್ಮನೆಯಾದ ಸೆನೆಟ್‌ನ 100 ಸ್ಥಾನ, ರಾಜಧಾನಿ ವಾಷಿಂಗ್ಟನ್‌ಗೆ ಕೊಟ್ಟಿರುವ 3, ಇವು ಸೇರಿ ಈ ಸಂಖ್ಯೆಯಾಗುತ್ತದೆ. 270 ದೊರೆತವರು ಗೆದ್ದಂತೆ. ರಾಜಧಾನಿಯಲ್ಲಿ ಮತ್ತು 48 ರಾಜ್ಯಗಳಲ್ಲಿ, ಎದುರಾಳಿಗಿಂತ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಅಲ್ಲಿನ ಎಲ್ಲ ಎಲೆಕ್ಟೋರಲ್ ಮತಗಳು ಇಡಿಯಾಗಿ ಸೇರುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಶೇ 46ರಷ್ಟು, ಕಾಂಗ್ರೆಸ್‌ಗೆ ಶೇ 45ರಷ್ಟು ಮತ ಬಂದು, ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಸ್ಥಾನಗಳನ್ನು ಗೆದ್ದವು. ಅಮೆರಿಕದ ನಿಯಮ ನಮ್ಮಲ್ಲಿದ್ದಿದ್ದರೆ 28ಕ್ಕೆ 28 ಸ್ಥಾನಗಳೂ ಬಿಜೆಪಿಯ ಪಾಲಾಗುತ್ತಿದ್ದವು. ಮುಂದಿನ ಚುನಾವಣೆಯಲ್ಲಿ ಎರಡೂ ಪಕ್ಷಗಳ ರಾಷ್ಟ್ರೀಯ ನಾಯಕರು ಕರ್ನಾಟಕದಲ್ಲೇ ಠಿಕಾಣಿ ಹೂಡುತ್ತಿದ್ದರು, ಗುಜರಾತಿನ ಕಡೆಗೆ ತಲೆ ಹಾಕಿ ಕೂಡ ಮಲಗುತ್ತಿರಲಿಲ್ಲ.

ಮೇನ್ ಮತ್ತು ನೆಬ್ರಾಸ್ಕ ಮಾತ್ರ ಈ ನಿಯಮಕ್ಕೆ ಹೊರತು. ಅಲ್ಲಿ ಎರಡು ಎಲೆಕ್ಟೋರಲ್ ಮತಗಳು ರಾಜ್ಯಮಟ್ಟದಲ್ಲಿ ಗೆದ್ದವರಿಗೆ, ಉಳಿದವು ಆಯಾ ಕೆಳಮನೆ ಕ್ಷೇತ್ರದಲ್ಲಿ ಗೆದ್ದವರಿಗೆ ಹೋಗುತ್ತವೆ. ಹಾಗಾಗಿಯೇ ಕಟ್ಟಾ ರಿಪಬ್ಲಿಕನ್ ರಾಜ್ಯವಾದ ನೆಬ್ರಾಸ್ಕದೊಳಗೆ ಒಮಾಹ ನಗರದ ಕ್ಷೇತ್ರ ಒಂಟಿ ದ್ವೀಪದಂತೆ ಪ್ರಚಾರಕರನ್ನು ಸೆಳೆಯುತ್ತದೆ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳಾದ ಒಬಾಮ 2008ರಲ್ಲಿ, ಬೈಡನ್ 2020ರಲ್ಲಿ, ಹ್ಯಾರಿಸ್ 2024ರಲ್ಲಿ ಆ ಒಂದು ಮತವನ್ನು ಪಡೆದರು.

2024ರಲ್ಲಿ ಸ್ವಿಂಗ್ ರಾಜ್ಯಗಳೆಂದು ಎರಡೂ ಪಕ್ಷಗಳು ಒಪ್ಪಿಕೊಂಡಿದ್ದು ಏಳನ್ನು: ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕೆರೊಲಿನಾ 16, ಮಿಷಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡ 6. ಒಟ್ಟು 93. ಉಳಿದ ರಾಜ್ಯಗಳು, ಅಂದರೆ 54 ಮತಗಳ ಕ್ಯಾಲಿಫೋರ್ನಿಯಾ, 40ರ ಟೆಕ್ಸಾಸ್, 28ರ ನ್ಯೂಯಾರ್ಕ್ ಮುಂತಾದವೆಲ್ಲ, ಒಂದಲ್ಲ ಒಂದು ಪಕ್ಷದ ಭದ್ರಕೋಟೆ ಅಥವಾ ಹೆಚ್ಚುಕಡಿಮೆ ಅದೇ ಎಂದು ಬದಿಗಿಡಲ್ಪಟ್ಟವು. ಏಳಕ್ಕೆ ಏಳನ್ನೂ ಗೆದ್ದ ಟ್ರಂಪ್ 312ಕ್ಕೆ ಮುಟ್ಟಿದರು.

ಈ ಏಳು ರಾಜ್ಯಗಳ ಮೋಹ ಎಷ್ಟು ಸಕಾರಣವೆಂಬುದು 2020ರ ಅಂಕಿಗಳಿಂದ ತಿಳಿಯುತ್ತದೆ. ಬೈಡನ್ ದೇಶದಾದ್ಯಂತ ಟ್ರಂಪ್‌ಗಿಂತ 70 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಅದರಲ್ಲಿ 50 ಲಕ್ಷಕ್ಕೂ ಮೀರಿದ ಮುನ್ನಡೆ ಕ್ಯಾಲಿಫೋರ್ನಿಯಾ ಒಂದರದ್ದೇ. ಆದರೆ ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682 ಮತಗಳ ಅಂತರ ತಿರುಗಿಬಿದ್ದಿದ್ದರೆ ಇಬ್ಬರಿಗೂ ತಲಾ 269 ಆಗಿ ತೀರ್ಮಾನ ಕೆಳಮನೆಗೆ ಹೋಗುತ್ತಿತ್ತು. ಅಂದರೆ ಕ್ಯಾಲಿಫೋರ್ನಿಯಾದ ಲಕ್ಷಾಂತರ ಹೆಚ್ಚುವರಿ ಮತಗಳಿಗಿಂತ ಅಟ್ಲಾಂಟಾದ ಹೊರವಲಯದ ಕೆಲವು ಬಡಾವಣೆಗಳ ಮತಗಳು ಫಲಿತಾಂಶಕ್ಕೆ ಹತ್ತಿರವಾಗಿದ್ದವು. ಆ ಬಡಾವಣೆಗಳಲ್ಲಿ ಭಾರತೀಯ ಮೂಲದವರ ಮನೆಗಳೂ ಸಾಕಷ್ಟಿವೆ. ಜಾರ್ಜಿಯಾದಲ್ಲಿರುವ ಭಾರತೀಯ ಮೂಲದವರ ಸಂಖ್ಯೆ 11,779ರ ಹಲವು ಪಟ್ಟು ಎಂಬುದು ಎರಡೂ ಪಕ್ಷಗಳಿಗೆ ಗೊತ್ತು.

ಅಭ್ಯರ್ಥಿಯ ಕಾಲುಗಳು ಎಲ್ಲಿಗೆ ಹೋಗುತ್ತವೆ

ಪಾಳಯಗಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವರ ಭಾಷಣದಿಂದ ತಿಳಿಯುವುದಕ್ಕಿಂತ ಅಭ್ಯರ್ಥಿಯ ಪ್ರವಾಸ ಪಟ್ಟಿಯಿಂದ ತಿಳಿಯುವುದು ಸುಲಭ, ಏಕೆಂದರೆ ಹಣವನ್ನು ಮತ್ತೆ ಸಂಗ್ರಹಿಸಬಹುದು, ಅಭ್ಯರ್ಥಿಯ ಒಂದು ದಿನವನ್ನು ಮತ್ತೆ ಸಂಗ್ರಹಿಸಲಾಗದು. 2012ರಲ್ಲಿ ಪಕ್ಷಗಳ ಸಮಾವೇಶಗಳ ನಂತರ ಎರಡೂ ಕಡೆಯ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳು ನಡೆಸಿದ 253 ಸಾರ್ವಜನಿಕ ಕಾರ್ಯಕ್ರಮಗಳೂ ಕೇವಲ 12 ರಾಜ್ಯಗಳಲ್ಲಿ ನಡೆದವು. ಅದರಲ್ಲಿ 73 ಓಹಾಯೋ ಒಂದರಲ್ಲೇ. ಉಳಿದ 38 ರಾಜ್ಯಗಳಿಗೆ ಒಂದೂ ಇಲ್ಲ. 2016ರಲ್ಲಿ 399ರ ಪೈಕಿ 375 ಕಾರ್ಯಕ್ರಮಗಳು ಮತ್ತೆ 12 ರಾಜ್ಯಗಳಿಗೇ ಮೀಸಲಾದವು.

ಎಲ್ಲ ರಾಜ್ಯಗಳನ್ನೂ ಸಮನಾಗಿ ಕಾಣಬೇಕೆಂದು ಹೊರಟವರ ಗತಿ ಏನಾಯಿತು ಎಂಬುದಕ್ಕೆ 1960ರ ಪ್ರಸಂಗವನ್ನು ಪ್ರಚಾರ ತಂತ್ರಜ್ಞರು ಇಂದಿಗೂ ಮರೆತಿಲ್ಲ. ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್ 50 ರಾಜ್ಯಗಳಿಗೂ ಬರುತ್ತೇನೆಂದು ಮಾತು ಕೊಟ್ಟರು. ಮಂಡಿಯ ಸೋಂಕಿನಿಂದ ಸುಮಾರು ಎರಡು ವಾರ ಆಸ್ಪತ್ರೆಯಲ್ಲಿ ಕಳೆದ ಮೇಲೂ ಆ ಮಾತಿಗೆ ಅಂಟಿಕೊಂಡು, ಮತದಾನಕ್ಕೆ ಇನ್ನೇನು ಎರಡು ದಿನವಿದೆ ಎನ್ನುವಾಗ ಅಲಾಸ್ಕಕ್ಕೆ ವಿಮಾನ ಹತ್ತಿದರು. ಅಲಾಸ್ಕದ 3 ಎಲೆಕ್ಟೋರಲ್ ಮತಗಳು ಅವರಿಗೆ ದೊರೆತವು. 27 ಮತಗಳ ಇಲಿನಾಯ್ 9,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಎದುರಾಳಿ ಕೆನಡಿಯ ಪಾಲಾಯಿತು. ಅಂದಿನಿಂದ ಇಂದಿನವರೆಗೆ ಯಾವ ಪ್ರಮುಖ ಅಭ್ಯರ್ಥಿಯೂ ಅಂಥ ವಾಗ್ದಾನದ ಗೋಜಿಗೆ ಹೋಗಿಲ್ಲ ಎಂದರೆ ಆಶ್ಚರ್ಯವಿಲ್ಲ.

ಹಾಗೆಂದು ಭದ್ರಕೋಟೆಗಳಿಗೆ ಅಭ್ಯರ್ಥಿಗಳು ಬರುವುದೇ ಇಲ್ಲವೆಂದಲ್ಲ. ಬರುವ ಉದ್ದೇಶ ಬೇರೆ. ಮೊದಲನೆಯದು ಹಣ. 2024ರ ಜೂನ್‌ನಲ್ಲಿ ಟ್ರಂಪ್ ಸ್ಯಾನ್ ಫ್ರಾನ್ಸಿಸ್ಕೊಗೆ, ಅದಾದ ಕೆಲವೇ ದಿನಗಳಲ್ಲಿ ಬೈಡನ್ ಲಾಸ್ ಏಂಜಲೀಸ್‌ಗೆ ಬಂದದ್ದು ಮತ ಕೇಳಲು ಅಲ್ಲ, ಚೆಕ್ ಪಡೆಯಲು. ಅಂಥ ಸಂದರ್ಭದಲ್ಲಿ ಸ್ಥಳೀಯರಿಗೆ ಸಿಗುವುದು ರಸ್ತೆ ತಡೆ ಮಾತ್ರ. ಎರಡನೆಯದು ಕ್ಯಾಮೆರಾ. 2024ರ ಅಕ್ಟೋಬರ್‌ನಲ್ಲಿ ಟ್ರಂಪ್ ಕ್ಯಾಲಿಫೋರ್ನಿಯಾದ ಕೊಚೆಲ್ಲದಲ್ಲಿ ಮತ್ತು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಭೆ ನಡೆಸಿದರು; ಹ್ಯಾರಿಸ್ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಗಾಯಕಿ ಬಿಯಾನ್ಸೆಯ ಜೊತೆ ಬಂದು ಅಲ್ಲಿನ ಗರ್ಭಪಾತ ನಿಷೇಧವನ್ನು ಮುಂದಿಟ್ಟುಕೊಂಡು ಮಾತನಾಡಿದರು. ಈ ಮೂರೂ ಕಡೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿತ್ತು. ಸಭಿಕರು ಹ್ಯೂಸ್ಟನ್ನಿನವರು, ಮಾತು ಸ್ವಿಂಗ್ ರಾಜ್ಯವಾದ ವಿಸ್ಕಾನ್ಸಿನ್‌ನ ಮಿಲ್ವಾಕಿಯವರಿಗೆ.

ಜಾಹೀರಾತು: ಗಡಿ ದಾಟುವ ಗದ್ದಲ

ಟಿವಿ ಜಾಹೀರಾತನ್ನು ರಾಜ್ಯವಾರು ಕೊಳ್ಳಲಾಗುವುದಿಲ್ಲ, ಪ್ರಸಾರ ಮಾರುಕಟ್ಟೆವಾರು ಕೊಳ್ಳಬೇಕಾಗುತ್ತದೆ. ಫಿಲಡೆಲ್ಫಿಯಾ ಮಾರುಕಟ್ಟೆಯ ವ್ಯಾಪ್ತಿಯಲ್ಲಿ ನ್ಯೂಜೆರ್ಸಿಯ ದಕ್ಷಿಣ ಭಾಗವೂ ಡೆಲವೇರ್ ರಾಜ್ಯದ ಬಹುಭಾಗವೂ ಸೇರಿವೆ. ಆದ್ದರಿಂದ ನ್ಯೂಜೆರ್ಸಿಯ ಚೆರ್ರಿ ಹಿಲ್‌ನಲ್ಲಿ ಇರುವ ಕುಟುಂಬ ಪೆನ್ಸಿಲ್ವೇನಿಯಾದ ಮತದಾರನಿಗೆಂದು ಮಾಡಿದ ಜಾಹೀರಾತುಗಳನ್ನು ಅಕ್ಟೋಬರ್ ಪೂರ್ತಿ ನೋಡಬೇಕಾಗುತ್ತದೆ. ನ್ಯೂಯಾರ್ಕ್ ಮಾರುಕಟ್ಟೆಗೆ ಸೇರಿದ, ಅದೇ ರಾಜ್ಯದ ಎಡಿಸನ್‌ನವರಿಗೆ ಅದರ ಕಾಟ ಕಡಿಮೆ. ಯಾರಾದರೂ ನಿಮ್ಮ ರಾಜ್ಯಕ್ಕೂ ಪ್ರಚಾರ ಬಂದಿದೆ ಎಂದರೆ ಅದು ನಿಜವಾಗಿ ನಿಮಗಾಗಿ ಬಂದದ್ದೋ ಪಕ್ಕದವರಿಗೆ ಸುರಿದದ್ದು ನಿಮ್ಮಲ್ಲಿಗೂ ಹರಿದದ್ದೋ ಎಂದು ಮೊದಲು ನೋಡುವುದು ಒಳ್ಳೆಯದು.

ದೇಣಿಗೆ ಕೊಡುವವರಿಗೆ ಇಲ್ಲಿ ಒಂದು ಉಪಯುಕ್ತ ಸಂಗತಿಯಿದೆ. ಮತದಾನಕ್ಕೆ ಮೊದಲಿನ 60 ದಿನಗಳಲ್ಲಿ ಅಭ್ಯರ್ಥಿಯ ಅಧಿಕೃತ ಪ್ರಚಾರ ಸಮಿತಿಗೆ ಟಿವಿ ಕೇಂದ್ರಗಳು ತಮ್ಮ ಅತಿ ಕಡಿಮೆ ದರದಲ್ಲೇ ಜಾಹೀರಾತಿಗೆ ಸಮಯ ಕೊಡಬೇಕೆಂಬುದು ಕಾನೂನು. ಸೂಪರ್ ಪ್ಯಾಕ್ ಎನ್ನಲಾಗುವ ಹೊರಗಿನ ಗುಂಪುಗಳಿಗೆ ಈ ರಿಯಾಯಿತಿ ಇಲ್ಲ. ಸ್ವಿಂಗ್ ರಾಜ್ಯಗಳಲ್ಲಿ ಬೇಡಿಕೆ ಏರಿದಾಗ ಅವು ಅದೇ ಅರ್ಧ ನಿಮಿಷಕ್ಕೆ ಹಲವು ಪಟ್ಟು ತೆರುತ್ತವೆ. ಹಾಗಾಗಿ ಕೊನೆಯ ವಾರಗಳಲ್ಲಿ ಸೂಪರ್ ಪ್ಯಾಕ್‌ಗೆ ಕೊಟ್ಟ ನೂರು ಡಾಲರ್ ಅಭ್ಯರ್ಥಿಯ ಸಮಿತಿಗೆ ಕೊಟ್ಟ ನೂರು ಡಾಲರ್‌ನಷ್ಟು ಕೆಲಸ ಮಾಡುವುದಿಲ್ಲ.

ಭರವಸೆಗಳಲ್ಲೂ ಭೇದವಿದೆ

ಪ್ರವಾಸ ಮತ್ತು ಜಾಹೀರಾತಿನ ತಾರತಮ್ಯ ನವೆಂಬರ್‌ನಲ್ಲಿ ಮುಗಿಯುತ್ತದೆ. ಭರವಸೆಗಳ ತಾರತಮ್ಯ ಹಾಗಲ್ಲ. 2024ರ ಜೂನ್‌ನಲ್ಲಿ ಲಾಸ್ ವೇಗಸ್‌ನ ಸಭೆಯೊಂದರಲ್ಲಿ ಟ್ರಂಪ್, ಹೋಟೆಲ್ ನೌಕರರ ಟಿಪ್ಸ್ ಮೇಲಿನ ತೆರಿಗೆಯನ್ನು ತೆಗೆದುಹಾಕುತ್ತೇನೆಂದರು. ಆಗಸ್ಟ್‌ನಲ್ಲಿ ಅದೇ ನಗರಕ್ಕೆ ಬಂದ ಹ್ಯಾರಿಸ್ ಕೂಡ ಅದನ್ನೇ ಹೇಳಿದರು. ನೆವಾಡದ ದುಡಿಯುವ ವರ್ಗದಲ್ಲಿ ಹೋಟೆಲ್, ಕ್ಯಾಸಿನೊಗಳ ನೌಕರರು ದೊಡ್ಡ ಪಾಲು. ಎರಡೂ ಪಕ್ಷಗಳು ಒಂದೇ ತೆರಿಗೆ ರಿಯಾಯಿತಿಗೆ ಕೈಯೆತ್ತಲು ಬೇರೆ ಕಾರಣ ಹುಡುಕಬೇಕಿಲ್ಲ. 2025ರ ಜುಲೈನಲ್ಲಿ ಅದು ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಕೆಲವು ವರ್ಷಗಳ ಮಟ್ಟಿನ ವಿನಾಯಿತಿಯಾಗಿ ಕಾನೂನಿಗೆ ಬಂತು. 6 ಎಲೆಕ್ಟೋರಲ್ ಮತಗಳ ಮರುಭೂಮಿ ರಾಜ್ಯವೊಂದು ಇಡೀ ದೇಶದ ತೆರಿಗೆ ನಿಯಮವನ್ನು ತಿದ್ದಿಸಿತು.

ಪೆನ್ಸಿಲ್ವೇನಿಯಾದ ಪ್ರಭಾವ ಇದಕ್ಕಿಂತ ಹೆಚ್ಚು. ಬಂಡೆ ಸೀಳಿ ಅನಿಲ ತೆಗೆಯುವ ಫ್ರ್ಯಾಕಿಂಗ್ ವಿಧಾನವನ್ನು ನಿಷೇಧಿಸಬೇಕೆಂದು 2019ರಲ್ಲಿ ಹೇಳಿದ್ದ ಹ್ಯಾರಿಸ್, 2024ರಲ್ಲಿ ನಿಷೇಧಿಸುವುದಿಲ್ಲವೆಂದು ಮತ್ತೆ ಮತ್ತೆ ಸ್ಪಷ್ಟಪಡಿಸಬೇಕಾಯಿತು. ಪಿಟ್ಸ್‌ಬರ್ಗ್‌ನ ಯು.ಎಸ್. ಸ್ಟೀಲ್ ಕಂಪನಿಯನ್ನು ಜಪಾನಿನ ನಿಪ್ಪಾನ್ ಸ್ಟೀಲ್ ಕೊಳ್ಳಲು ಮುಂದಾದಾಗ ಬೈಡನ್, ಟ್ರಂಪ್, ಹ್ಯಾರಿಸ್ ಮೂವರೂ ಪ್ರಚಾರ ಕಾಲದಲ್ಲಿ ವಿರೋಧಿಸಿದರು. ಇನ್ನೂ ಹಿಂದೆ, 2002ರ ಮಾರ್ಚ್‌ನಲ್ಲಿ, ಮುಕ್ತ ವ್ಯಾಪಾರದ ಪ್ರತಿಪಾದಕರಾಗಿದ್ದ ಜಾರ್ಜ್ ಬುಷ್ ಆಮದು ಉಕ್ಕಿನ ಮೇಲೆ ಸುಂಕ ಹೇರಿ, 2003ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಾಗಲೂ ಪೆನ್ಸಿಲ್ವೇನಿಯಾ, ಓಹಾಯೋ, ವೆಸ್ಟ್ ವರ್ಜೀನಿಯಾಗಳ ಹೆಸರು ಎಲ್ಲರ ಬಾಯಲ್ಲಿತ್ತು. ಭದ್ರಕೋಟೆಯ ಮತದಾರ ಕಳೆದುಕೊಳ್ಳುವುದು ಅಭ್ಯರ್ಥಿಯ ದರ್ಶನವನ್ನಲ್ಲ, ಇಂಥ ಚೌಕಾಸಿಯ ಶಕ್ತಿಯನ್ನು. ಈ ಬರಹದಲ್ಲಿ ನನಗೆ ನಿಜವಾಗಿ ಅನ್ಯಾಯವೆನಿಸುವ ಅಂಶ ಇದೊಂದೇ. ಮಿಕ್ಕದ್ದೆಲ್ಲ ನಿಯಮಕ್ಕೆ ತಕ್ಕ ಆಟ.

ಹಣೆಪಟ್ಟಿ ಶಾಶ್ವತವಲ್ಲ

2012ರಲ್ಲಿ 73 ಕಾರ್ಯಕ್ರಮಗಳನ್ನು ಕಂಡ ಓಹಾಯೋದಲ್ಲಿ 2016ರಿಂದ ಟ್ರಂಪ್ ಎಂಟಕ್ಕೂ ಹೆಚ್ಚಿನ ಶೇಕಡಾ ಅಂತರದಿಂದ ಗೆಲ್ಲುತ್ತ ಬಂದಿದ್ದಾರೆ. 2024ರಲ್ಲಿ ಅದನ್ನು ಸ್ವಿಂಗ್ ರಾಜ್ಯವೆಂದು ಯಾರೂ ಕರೆಯಲಿಲ್ಲ. 2000ದಲ್ಲಿ 537 ಮತಗಳಿಂದ ಅಧ್ಯಕ್ಷರನ್ನು ತೀರ್ಮಾನಿಸಿದ ಫ್ಲಾರಿಡಾ ಕೂಡ ಪಟ್ಟಿಯಿಂದ ಹೊರಬಿದ್ದಿದೆ. ಜಾರ್ಜಿಯಾ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದು, 1992ರ ನಂತರ ಮೊದಲ ಬಾರಿಗೆ 2020ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿಯಿತು.

ಭದ್ರಕೋಟೆ ಎಂದು ಮೈಮರೆತವರು ಪಟ್ಟ ಪಾಡು ಎರಡು ಬಾರಿ ಚರಿತ್ರೆಯನ್ನೇ ಬದಲಿಸಿದೆ. 1988ರಿಂದ ಮೂರು ಚುನಾವಣೆಗಳಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಬೆಂಬಲಿಸಿದ್ದ ವೆಸ್ಟ್ ವರ್ಜೀನಿಯಾ 2000ದಲ್ಲಿ ಆಲ್ ಗೋರ್ ಅವರಿಗೆ ಕೈಕೊಟ್ಟಿತು; ಗೋರ್ ತಮ್ಮ ತವರು ಟೆನಿಸಿಯನ್ನೂ ಸೋತರು. ಎರಡರಲ್ಲಿ ಒಂದನ್ನು ಉಳಿಸಿಕೊಂಡಿದ್ದರೂ ಫ್ಲಾರಿಡಾದ ಮತಪತ್ರಗಳನ್ನು ಭೂತಗನ್ನಡಿ ಹಿಡಿದು ನೋಡುವ ಪ್ರಮೇಯ ಬರುತ್ತಿರಲಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅಭ್ಯರ್ಥಿಯೆಂದು ಘೋಷಿತರಾದ ಮೇಲೆ ವಿಸ್ಕಾನ್ಸಿನ್‌ಗೆ ಒಮ್ಮೆಯೂ ಪ್ರಚಾರಕ್ಕೆ ಹೋಗಲಿಲ್ಲ. ಅಲ್ಲಿ 22,748, ಮಿಷಿಗನ್‌ನಲ್ಲಿ 10,704, ಪೆನ್ಸಿಲ್ವೇನಿಯಾದಲ್ಲಿ 44,292 ಮತಗಳಿಂದ ಸೋತು, ದೇಶದಲ್ಲಿ ಸುಮಾರು 28 ಲಕ್ಷ ಮತ ಹೆಚ್ಚು ಪಡೆದೂ ಅಧ್ಯಕ್ಷ ಪದವಿ ತಪ್ಪಿಸಿಕೊಂಡರು. ಅವರು ಹೋಗಿದ್ದರೆ ಗೆಲ್ಲುತ್ತಿದ್ದರೆಂದು ಹೇಳಲಾಗದು, ಏಕೆಂದರೆ ಪೆನ್ಸಿಲ್ವೇನಿಯಾಕ್ಕೆ ಅವರು ಬಹಳ ಸಲ ಹೋಗಿದ್ದರು, ಆದರೂ ಸೋತರು. ಆದರೆ ಯಾವ ರಾಜ್ಯ ಯಾವ ಪಟ್ಟಿಯಲ್ಲಿದೆ ಎಂಬುದನ್ನು ನಾಲ್ಕು ವರ್ಷದ ಹಿಂದಿನ ನಕ್ಷೆ ನೋಡಿ ನಿರ್ಧರಿಸಬಾರದೆಂಬುದು ಇದರಿಂದ ಸ್ಪಷ್ಟ. ಕಳೆದ ಎರಡು ಚುನಾವಣೆಗಳ ಅಂತರ ಶೇ 3ರೊಳಗಿದ್ದರೆ ಸ್ವಿಂಗ್, ಶೇ 10 ಮೀರಿದ್ದರೆ ಭದ್ರ, ನಡುವಿನದಾದರೆ ಅನುಮಾನ ಎಂಬ ಒರಟು ಅಳತೆಯನ್ನು ನಾನು ಬಳಸುತ್ತೇನೆ.

ಸಮಯವನ್ನು ಎಲ್ಲಿ ಕೊಡುವುದು

ಈಗ ಆಯ್ಕೆಯ ಮಾತಿಗೆ ಬರೋಣ. ನೀವು ಭದ್ರಕೋಟೆಯಲ್ಲಿದ್ದು ಅಧ್ಯಕ್ಷೀಯ ಚುನಾವಣೆಗಾಗಿಯೇ ದುಡಿಯಬೇಕೆಂದಿದ್ದರೆ, ನಿಮ್ಮ ಶನಿವಾರವನ್ನು ಗಡಿಯಾಚೆಗೆ ಕೊಂಡೊಯ್ಯುವುದೇ ಸರಿ. ಎಡಿಸನ್ ಅಥವಾ ಪ್ರಿನ್ಸ್‌ಟನ್‌ನಿಂದ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಗೆ ಕಾರಿನಲ್ಲಿ ಒಂದು ಗಂಟೆಯೂ ಬೇಡ, ಮತ್ತು 2024ರಲ್ಲಿ ಕೂದಲೆಳೆಯ ಅಂತರದಲ್ಲಿ ಪಕ್ಷ ಬದಲಿಸಿದ ಕೌಂಟಿ ಅದು. ಶಿಕಾಗೊದವರಿಗೆ ವಿಸ್ಕಾನ್ಸಿನ್‌ನ ಕೆನೋಶಾ, ರಸೀನ್ ಹತ್ತಿರ. ಬೇ ಏರಿಯಾದಿಂದ ನೆವಾಡದ ರೀನೋಗೆ ಸುಮಾರು ನಾಲ್ಕು ಗಂಟೆಯ ದಾರಿ, ಮಧ್ಯೆ ಬೆಟ್ಟದ ರಸ್ತೆ. ರಾತ್ರಿ ಉಳಿಯಲು ಸಿದ್ಧರಿದ್ದರೆ ಮಾತ್ರ ಹೊರಡಬೇಕು. ಡಾಲಸ್, ಹ್ಯೂಸ್ಟನ್‌ಗಳಿಂದ ಯಾವುದೂ ಹತ್ತಿರವಿಲ್ಲದ ಕಾರಣ ಅಲ್ಲಿನವರಿಗೆ ಉಳಿಯುವುದು ದೂರದ ಮತದಾರರಿಗೆ ಕರೆ ಮಾಡುವ ಫೋನ್ ಬ್ಯಾಂಕ್.

ಮನೆ ಮನೆ ಭೇಟಿಗೂ ಫೋನಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ನಡೆಸಿದ ಪ್ರಯೋಗದಲ್ಲಿ, ಮುಖಾಮುಖಿ ಭೇಟಿ ಮತದಾನವನ್ನು ಎದ್ದು ಕಾಣುವಂತೆ ಹೆಚ್ಚಿಸಿತು. ದೂರವಾಣಿ ಕರೆಗಳಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಬಹುತೇಕ ಕರೆಗಳನ್ನು ಯಾರೂ ಎತ್ತದ ಇಂದಿನ ಕಾಲದಲ್ಲಿ ಆ ಅಂತರ ಇನ್ನಷ್ಟು ಹಿಗ್ಗಿದ್ದರೆ ಅಚ್ಚರಿಯಿಲ್ಲ.

ಮನೆ ಭೇಟಿಯ ಕೆಲಸ ಹೇಗಿರುತ್ತದೆಂದು ತಿಳಿಯದೆ ಹಿಂಜರಿಯುವವರು ಬಹಳ. ಬೆಳಿಗ್ಗೆ ಪ್ರಚಾರ ಕಚೇರಿಗೆ ಹೋದರೆ ಅರ್ಧ ಗಂಟೆ ತರಬೇತಿ ಕೊಟ್ಟು, ನಿಮ್ಮ ಫೋನಿನ ಆ್ಯಪ್‌ಗೆ ನಲವತ್ತು ಐವತ್ತು ಮನೆಗಳ ಪಟ್ಟಿಯನ್ನು ಇಳಿಸಿಕೊಡುತ್ತಾರೆ. ಬೀದಿಯ ನಕ್ಷೆಯ ಮೇಲೆ ಚುಕ್ಕೆಗಳಿರುತ್ತವೆ. ಒಂದನ್ನು ಒತ್ತಿದರೆ ಮತದಾರರ ಹೆಸರು, ವಯಸ್ಸು, ಹಿಂದಿನ ಯಾವ ಚುನಾವಣೆಗಳಲ್ಲಿ ಮತ ಹಾಕಿದ್ದಾರೆ ಎಂಬುದು ಕಾಣುತ್ತದೆ. ಪೆನ್ಸಿಲ್ವೇನಿಯಾದಲ್ಲಾದರೆ ಯಾವ ಪಕ್ಷದಲ್ಲಿ ನೋಂದಣಿಯಾಗಿದ್ದಾರೆಂಬುದೂ ಇರುತ್ತದೆ. ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾಗಳಲ್ಲಿ ಪಕ್ಷವಾರು ನೋಂದಣಿಯೇ ಇಲ್ಲದ್ದರಿಂದ ಅಲ್ಲಿ ಊಹೆಯ ಅಂಕವಷ್ಟೇ. ಪಟ್ಟಿಯಲ್ಲಿ ಬೀದಿಯ ಎಲ್ಲ ಮನೆಗಳೂ ಇರುವುದಿಲ್ಲ. ಎದುರು ಪಕ್ಷದ ಕಟ್ಟಾ ಬೆಂಬಲಿಗರನ್ನೂ, ತಪ್ಪದೆ ಮತ ಹಾಕುವ ತಮ್ಮವರನ್ನೂ ಬಿಟ್ಟು, ತೂಗಾಡುವವರು ಮತ್ತು ಬೆಂಬಲಿಸಿದರೂ ಮನೆಯಿಂದ ಹೊರಡದವರು ಮಾತ್ರ ಅದರಲ್ಲಿ ಉಳಿದಿರುತ್ತಾರೆ. ಸ್ವಿಂಗ್ ರಾಜ್ಯದೊಳಗೂ ಸ್ವಿಂಗ್ ಮನೆ, ಭದ್ರ ಮನೆ ಎಂಬ ಭೇದ ಹೀಗೆ ಮುಂದುವರಿಯುತ್ತದೆ. ಬಾಗಿಲು ತೆರೆದವರ ಒಲವನ್ನು 1ರಿಂದ 5ರವರೆಗಿನ ಅಂಕದಲ್ಲಿ ಗುರುತಿಸಬೇಕು; ತೆರೆಯದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಬರಬೇಕು. ಅಂಚೆ ಪೆಟ್ಟಿಗೆಯೊಳಗೆ ಹಾಕುವಂತಿಲ್ಲ: ಅಂಚೆ ಚೀಟಿಯಿಲ್ಲದ ಕಾಗದವನ್ನು ಅದರಲ್ಲಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ.

ಭಾರತೀಯ ಮೂಲದ ಕುಟುಂಬಗಳು ಹೆಚ್ಚಿರುವ ಬಡಾವಣೆಗಳಲ್ಲಿ ಕನ್ನಡ, ತೆಲುಗು, ಹಿಂದಿ ಬಲ್ಲ ಕಾರ್ಯಕರ್ತರಿಗೆ ಬೇಡಿಕೆಯಿದೆ. ನೀವು ಮುಂಚಿತವಾಗಿ ಭಾಷೆಯನ್ನು ತಿಳಿಸಿದರೆ ಅಂಥ ಪಟ್ಟಿ ಸಿಗುವ ಸಾಧ್ಯತೆ ಹೆಚ್ಚು. ಮಗನ ಮನೆಯಲ್ಲಿರುವ, ಪೌರತ್ವ ಪಡೆದ, ಆದರೆ ಮತ ಹಾಕಲು ಹಿಂಜರಿಯುವ ಹಿರಿಯರೊಬ್ಬರ ಹತ್ತಿರ ಅವರದೇ ಭಾಷೆಯಲ್ಲಿ ಹತ್ತು ನಿಮಿಷ ಮಾತನಾಡುವುದು ಇಪ್ಪತ್ತು ಕರಪತ್ರಗಳಿಗೆ ಮೀರಿದ್ದು.

ಹಣದ ಲೆಕ್ಕ ಬೇರೆ

ಸಮಯಕ್ಕೆ ಹೇಳಿದ ಸಲಹೆಯನ್ನು ಹಣಕ್ಕೆ ಅನ್ವಯಿಸಬೇಡಿ. ಅಧ್ಯಕ್ಷೀಯ ಪಾಳಯಗಳಿಗೆ ಕಾರ್ಯಕರ್ತರ ಕೊರತೆ ಇರಬಹುದು, ಹಣದ ಕೊರತೆ ಇಲ್ಲ. 2024ರಲ್ಲಿ ಹ್ಯಾರಿಸ್ ಪಾಳಯ ಮೂರು ತಿಂಗಳೊಳಗೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿತು. ಏಳು ರಾಜ್ಯಗಳಲ್ಲಿ ಒಂದೂ ದಕ್ಕಲಿಲ್ಲ. ಅದರ ಮೇಲೆ ನಿಮ್ಮ ಇನ್ನೂರು ಡಾಲರ್ ಸಮುದ್ರಕ್ಕೆ ಸುರಿದ ನೀರು. ಅದೇ ಇನ್ನೂರು ಡಾಲರ್ ನಿಮ್ಮ ಶಾಲಾ ಮಂಡಳಿಯ ಅಥವಾ ರಾಜ್ಯ ಶಾಸನಸಭೆಯ ಅಭ್ಯರ್ಥಿಗೆ ಒಂದು ಬಡಾವಣೆಯ ಕರಪತ್ರದ ಖರ್ಚಾದೀತು.

ಕೆಳಮನೆ, ಸೆನೆಟ್ ಸ್ಪರ್ಧೆಗಳ ಮಟ್ಟದಲ್ಲಂತೂ ಇಡೀ ರಾಜ್ಯವೇ ಭದ್ರಕೋಟೆ ಎಂಬ ಮಾತಿಗೆ ಹೆಚ್ಚು ಅರ್ಥವಿಲ್ಲ. 2024ರಲ್ಲಿ ಅಧ್ಯಕ್ಷೀಯ ಪಾಳಯಗಳು ಮತಕ್ಕಾಗಿ ತಲೆಕೆಡಿಸಿಕೊಳ್ಳದ ಕ್ಯಾಲಿಫೋರ್ನಿಯಾದಲ್ಲಿ 13ನೇ ಕ್ಷೇತ್ರದ ಆಡಮ್ ಗ್ರೇ ಗೆದ್ದದ್ದು 187 ಮತಗಳಿಂದ, 45ನೇ ಕ್ಷೇತ್ರದ ಡೆರೆಕ್ ಟ್ರಾನ್ ಗೆದ್ದದ್ದು 653 ಮತಗಳಿಂದ. ಓಹಾಯೋ ಅಧ್ಯಕ್ಷೀಯ ಲೆಕ್ಕದಲ್ಲಿ ಭದ್ರವಾಗಿದ್ದರೂ ಶೆರೊಡ್ ಬ್ರೌನ್ ಮತ್ತು ಬರ್ನಿ ಮೊರೆನೊ ನಡುವಿನ ಸೆನೆಟ್ ಸ್ಪರ್ಧೆ ದೇಶದ ಅತಿ ದುಬಾರಿ ಕಣಗಳಲ್ಲಿ ಒಂದಾಯಿತು. ಹೀಗಾಗಿ ಹಣವನ್ನು ಮನೆಯ ಹತ್ತಿರ, ಸಮಯವನ್ನು ಗಡಿಯಾಚೆ ಎಂಬುದು ನನ್ನ ಸಲಹೆ. ಪ್ರಚಾರ ಕಚೇರಿಗಳು ನಿಮ್ಮಿಂದ ಕೇಳುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಭದ್ರಕೋಟೆಯವರಿಂದ ಹಣ ಮಾತ್ರ.

ದೇಣಿಗೆ ಕೊಡುವ ಮುನ್ನ ನಿಮ್ಮ ವಲಸೆ ಸ್ಥಿತಿಯನ್ನು ನೋಡಿಕೊಳ್ಳಿ. ಪೌರರು ಮತ್ತು ಗ್ರೀನ್ ಕಾರ್ಡ್ ಹೊಂದಿದವರು ದೇಣಿಗೆ ಕೊಡಬಹುದು. 2024ರಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,300 ಡಾಲರ್ ಮಿತಿಯಿತ್ತು. ಎಚ್-1ಬಿ ಉದ್ಯೋಗ ವೀಸಾ, ಎಫ್-1 ವಿದ್ಯಾರ್ಥಿ ವೀಸಾದವರು ಒಂದು ಡಾಲರನ್ನೂ ಕೊಡುವಂತಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಕೊಡುವುದೂ ಅಪರಾಧ. ಆದರೆ ಸಂಬಳವಿಲ್ಲದ ಸ್ವಯಂಸೇವೆ ಮಾಡಲು, ಪ್ರಚಾರದ ತೀರ್ಮಾನಗಳಲ್ಲಿ ತಲೆಹಾಕದಿರುವವರೆಗೆ, ಚುನಾವಣಾ ಕಾನೂನು ಅವರನ್ನೂ ತಡೆಯುವುದಿಲ್ಲ. ಇನ್ನು ಕನ್ನಡ ಕೂಟಗಳ ವಿಷಯ: 501(ಸಿ)(3) ಅಡಿಯಲ್ಲಿ ತೆರಿಗೆ ವಿನಾಯಿತಿ ಪಡೆದ ಕೂಟವಾದರೆ ರಾಜ್ಯೋತ್ಸವದ ವೇದಿಕೆಯಿಂದ ಅಭ್ಯರ್ಥಿಯೊಬ್ಬರಿಗೆ ಬೆಂಬಲ ಘೋಷಿಸುವುದು ಆ ವಿನಾಯಿತಿಗೇ ಕುತ್ತು; ಪಕ್ಷಾತೀತವಾಗಿ ಮತದಾರರ ನೋಂದಣಿ ಶಿಬಿರ ನಡೆಸಲು ಅಡ್ಡಿಯಿಲ್ಲ.

ಮತ ಹಾಕುವ ಊರು

ಮತವನ್ನು ಇಷ್ಟಬಂದ ಕಡೆಗೆ ಒಯ್ಯಲಾಗುವುದಿಲ್ಲ, ನೀವು ವಾಸಿಸುವಲ್ಲಿಯೇ ಹಾಕಬೇಕು. ನಿಜವಾದ ಆಯ್ಕೆ ಇರುವುದು ಕಾಲೇಜು ವಿದ್ಯಾರ್ಥಿಗಳಿಗೆ. ತಂದೆ ತಾಯಿ ಇಲಿನಾಯ್‌ನಲ್ಲಿದ್ದು ಮಗಳು ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಓದುತ್ತಿದ್ದರೆ, ಅವಳು ಎರಡರಲ್ಲಿ ಒಂದು ವಿಳಾಸದಲ್ಲಿ ನೋಂದಾಯಿಸಿಕೊಳ್ಳಬಹುದು. ಎರಡೂ ಕಡೆ ಮತ ಹಾಕುವುದು ಅಪರಾಧ. ಅಧ್ಯಕ್ಷೀಯ ಮತದ ದೃಷ್ಟಿಯಿಂದ ಆ್ಯನ್ ಆರ್ಬರ್ ತೂಕವುಳ್ಳದ್ದು. ಆದರೆ ಮನೆಯ ಕಡೆ ಬಿಗಿ ಸ್ಪರ್ಧೆಯ ಕೆಳಮನೆ ಕ್ಷೇತ್ರವಿದ್ದರೆ ತಕ್ಕಡಿ ಬೇರೆ ಕಡೆಗೆ ವಾಲಬಹುದು.

ಭದ್ರಕೋಟೆಯ ಮತದಾರನಿಗೆ ನಿಜವಾದ ತೀರ್ಮಾನದ ದಿನ ಹಲವು ಬಾರಿ ನವೆಂಬರ್‌ನಲ್ಲಿ ಇರುವುದೇ ಇಲ್ಲ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಇರುತ್ತದೆ. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಪ್ರೈಮರಿಗೆ ಮೊದಲೇ ಪಕ್ಷದ ಹೆಸರಿನಲ್ಲಿ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಒಳಗೆ ಪ್ರವೇಶವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಚೆಯಲ್ಲಿ ಮನೆಗೇ ಬರುವ ಮತಪತ್ರದಲ್ಲಿ ಅಧ್ಯಕ್ಷರ ಸಾಲು ಒಂದೇ ಒಂದು. 2024ರಲ್ಲಿ ಅದರ ಜೊತೆಗೆ ಬಾಡಿಗೆ ನಿಯಂತ್ರಣ, ಕನಿಷ್ಠ ವೇತನ, ಕಳ್ಳತನದ ಶಿಕ್ಷೆ ಮುಂತಾದ 10 ರಾಜ್ಯಮಟ್ಟದ ಪ್ರಸ್ತಾವಗಳಿದ್ದವು. ನಮ್ಮ ಮತಕ್ಕೆ ಬೆಲೆಯಿಲ್ಲವೆಂದು ಲಕೋಟೆಯನ್ನು ಒಡೆಯದೆ ಇಟ್ಟವರು ಆ ಹತ್ತನ್ನೂ ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟಂತಾಯಿತು.

ನಿಯಮವೇ ಬದಲಾಗಲಿ ಎನ್ನುವವರು ದೇಶದ ಒಟ್ಟು ಮತ ಗೆದ್ದವರಿಗೇ ತಮ್ಮ ಎಲೆಕ್ಟೋರಲ್ ಮತಗಳನ್ನು ಕೊಡುವ ರಾಜ್ಯಗಳ ಒಪ್ಪಂದವೊಂದನ್ನು ಬೆಳೆಸುತ್ತಿದ್ದಾರೆ. 2024ರಲ್ಲಿ ಮೇನ್ ಸೇರಿದಾಗ ಅದರ ಬಲ 209ಕ್ಕೆ ಬಂತು; 270 ಮುಟ್ಟುವವರೆಗೆ ಅದು ಜಾರಿಗೆ ಬರುವುದಿಲ್ಲ. ಅಲ್ಲಿಯವರೆಗೆ ಈ ಲೆಕ್ಕವೇ ನಡೆಯುತ್ತದೆ.

ಕೊನೆಯದಾಗಿ, ಸ್ವಿಂಗ್ ರಾಜ್ಯಕ್ಕೆ ಹೊಸದಾಗಿ ಮನೆ ಬದಲಿಸಿದವರಿಗೆ. ಮಿಷಿಗನ್, ವಿಸ್ಕಾನ್ಸಿನ್, ನೆವಾಡಗಳಲ್ಲಿ ಮತದಾನದ ದಿನವೂ ನೋಂದಣಿಗೆ ಅವಕಾಶವಿದೆ. ಪೆನ್ಸಿಲ್ವೇನಿಯಾದಲ್ಲಿ 15 ದಿನ ಮೊದಲೇ ಮುಗಿಯುತ್ತದೆ, ಜಾರ್ಜಿಯಾ ಮತ್ತು ಅರಿಜೋನಾಗಳಲ್ಲಿ ಸುಮಾರು ನಾಲ್ಕು ವಾರ ಮೊದಲು. ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತ ಹಾಕುವವರು ಮತಪತ್ರವನ್ನು ಮೊದಲು ಒಳಗಿನ ಗೋಪ್ಯ ಲಕೋಟೆಯಲ್ಲಿಟ್ಟು, ಅದನ್ನು ಹೊರಗಿನ ಲಕೋಟೆಗೆ ಸೇರಿಸಿ, ಸಹಿ ಮತ್ತು ದಿನಾಂಕ ಹಾಕಿ ಕಳುಹಿಸಬೇಕು. ಒಳ ಲಕೋಟೆ ಇಲ್ಲದ ಮತಪತ್ರವನ್ನು ಎಣಿಸಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲೇ ತೀರ್ಪು ಕೊಟ್ಟಿದೆ.